ನೆಲಕ್ಕೂ ನೀರಿಗೂ ಒಂದೇ ಗಾಡಿ



ಎತ್ತಿನ ಗಾಡಿಯನ್ನು ನೀವೆಲ್ಲ ಬಲ್ಲಿರಿ, ಹರಿಗೋಲನ್ನೂ ಬಲ್ಲಿರಿ. ಗಾಡಿಗೆ ಹೊಳೆಯ ದಡವೇ ಕೊನೆ, ಹರಿಗೋಲಿಗೂ ದಡವೇ ಕೊನೆ. ಹೊಳೆಯಾಚೆ ಹೊಲವಿರುವ ರೈತ ಗೊಬ್ಬರದ ಚೀಲವನ್ನು ಗಾಡಿಯಿಂದ ಇಳಿಸಿ ಹರಿಗೋಲಿಗೆ ಹಾಕಬೇಕು, ಹರಿಗೋಲಿನಿಂದ ಇಳಿಸಿ ಮತ್ತೆ ತಲೆಯ ಮೇಲೆ ಹೊರಬೇಕು. ಗಾಡಿಯೇ ನೀರಿಗಿಳಿದು, ತೇಲಿಕೊಂಡು ಹೋಗಿ, ಆಚೆ ದಡ ಹತ್ತಿ ಹೊಲದವರೆಗೂ ನಡೆಯುವಂತಿದ್ದರೆ ಎಷ್ಟು ಚೆನ್ನ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅಂಥ ಗಾಡಿ ನಿಜವಾಗಿಯೂ ಇದೆ. ಕೆನಡಾ ಮತ್ತು ಅಮೆರಿಕ ದೇಶಗಳಲ್ಲಿ 1960ರ ದಶಕದಿಂದಲೂ ಇದೆ. ಆ ಗಾಡಿ ಎಂಥದು, ಅದನ್ನು ಇಟ್ಟುಕೊಂಡವರು ತಮ್ಮ ಕೊಟ್ಟಿಗೆಯಲ್ಲೇ ಅದನ್ನು ಹೇಗೆ ಮಾರ್ಪಡಿಸಿಕೊಳ್ಳುತ್ತಾರೆ, ಹಾಗೆ ಮಾರ್ಪಡಿಸುವಾಗ ಜೀವಕ್ಕೆ ಅಪಾಯ ಬರದಂತೆ ಏನು ನೋಡಬೇಕು ಎಂಬುದನ್ನು ಈ ಹೊತ್ತು ಹೇಳುತ್ತೇನೆ.

"ದೂರದ ದೇಶದ ಗಾಡಿ, ನಮಗೇತಕ್ಕಪ್ಪಾ ಅದರ ವಿಚಾರ?" ಎಂದು ನೀವು ಕೇಳಬಹುದು. ಕೇಳುವುದು ಸರಿ. ಅದಕ್ಕೆ ಎರಡು ಉತ್ತರ ಉಂಟು. ಮೊದಲನೆಯದು, ನೆಲ ನೀರು ಎರಡರಲ್ಲೂ ಹೋಗುವ ಗಾಡಿಗಳು ನಮ್ಮ ದೇಶಕ್ಕೂ ಬಂದಿವೆ. 2025ರಲ್ಲಿ ಪಂಜಾಬಿನಲ್ಲಿ ಪ್ರವಾಹ ಬಂದಾಗ ಅಮೃತಸರದ ಕಡೆ ಮುಳುಗಿದ ಹಳ್ಳಿಗಳ ಜನರನ್ನು ಹೊರತರಲು ನಮ್ಮ ಸೇನೆ ಆಟೋರ್ ಎಂಬ, ಆಳೆತ್ತರದ ನಾಲ್ಕು ಚಕ್ರಗಳ ಗಾಡಿಯನ್ನು ಬಳಸಿತು. ಎರಡನೆಯ ಉತ್ತರ ನಿಮ್ಮ ಊರಿನದೇ. ಕೈಗೆ ಸ್ಪ್ಯಾನರು ಸಿಕ್ಕಿದರೆ ಸುಮ್ಮನಿರದ ಹುಡುಗ ಪ್ರತಿ ಊರಿನಲ್ಲೂ ಒಬ್ಬನಿದ್ದಾನೆ. ಪವರ್ ಟಿಲ್ಲರಿನ ಎಂಜಿನ್ನನ್ನು ಬಿಚ್ಚಿ ಬೇರೊಂದಕ್ಕೆ ಕೂರಿಸುತ್ತಾನೆ. ಪಂಪ್‌ಸೆಟ್ಟಿನ ಎಂಜಿನ್ನನ್ನು ದೋಣಿಗೆ ಕಟ್ಟಬಹುದೇ ಎಂದು ನೋಡುತ್ತಾನೆ. ಆ ಹುಡುಗನಿಗೂ, ಅವನ ತಂದೆತಾಯಿಗೂ ಈ ಮಾತು ಕೇಳಿರುವುದು ಒಳ್ಳೆಯದು.

ಮೊದಲು ಗಾಡಿ ಹೇಗಿದೆ ನೋಡೋಣ. ದನಕ್ಕೆ ನೀರು ಕುಡಿಸುವ ಉದ್ದನೆಯ ತೊಟ್ಟಿಯನ್ನು ಮನಸ್ಸಿಗೆ ತಂದುಕೊಳ್ಳಿ. ಅದು ಗಟ್ಟಿ ಪ್ಲಾಸ್ಟಿಕ್ಕಿನದೆಂದು ಇಟ್ಟುಕೊಳ್ಳಿ. ಆ ತೊಟ್ಟಿಗೆ ಎಡಕ್ಕೆ ಮೂರು, ಬಲಕ್ಕೆ ಮೂರು, ಒಟ್ಟು ಆರು ದಪ್ಪ ಟೈರುಗಳು. ತೊಟ್ಟಿಯೊಳಗೆ ಒಂದು ಸಣ್ಣ ಪೆಟ್ರೋಲ್ ಎಂಜಿನ್ನು, ಇಬ್ಬರು ಕೂರುವ ಪೀಠ, ಹಿಂದೆ ಸ್ವಲ್ಪ ಸಾಮಾನಿನ ಜಾಗ. ಗಾಡಿಯ ಆಕಾರ ಇಷ್ಟೇ. ಅದಕ್ಕೆ ಸ್ಪ್ರಿಂಗಿಲ್ಲ; ಟೈರಿನ ಮೆತ್ತನೆಯ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಮುಂದಿನ ಚಕ್ರಗಳು ಕಾರಿನ ಚಕ್ರದ ಹಾಗೆ ಅತ್ತಿತ್ತ ತಿರುಗುವುದೂ ಇಲ್ಲ. ಕೆಲವು ಗಾಡಿಗಳಿಗೆ ಎಂಟು ಚಕ್ರಗಳೂ ಇರುತ್ತವೆ.

ಈ ಟೈರುಗಳಲ್ಲೇ ಅದರ ಗುಟ್ಟು ಅಡಗಿದೆ. ಕಾರಿನ ಟೈರಿಗೆ ಮೂವತ್ತು ಪೌಂಡಿನ ಆಸುಪಾಸು ಗಾಳಿ ಹಾಕುತ್ತೇವೆ. ಇದಕ್ಕೆ ಎರಡು ಮೂರು ಪೌಂಡು ಸಾಕು. ಟೈರು ಮೆತ್ತಗಿರುವುದರಿಂದ ನೆಲದ ಮೇಲೆ ಅಗಲವಾಗಿ ಹರಡಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ: ಅರವತ್ತು ಕಿಲೋ ತೂಗುವ ಮನುಷ್ಯ ನಡೆಯುವಾಗ ಒಂದು ಕಾಲಿನ ಮೇಲೆ ಇಡೀ ಭಾರ ಬಿಡುತ್ತಾನೆ. ಅಂಗಾಲಿನ ಅಗಲ 200 ಚದರ ಸೆಂಟಿಮೀಟರ್ ಎಂದರೆ, ಒಂದು ಚದರ ಸೆಂಟಿಮೀಟರಿನ ಮೇಲೆ 300 ಗ್ರಾಂ ಭಾರ ಬಿತ್ತು. ಎರಡು ಪೌಂಡು ಗಾಳಿಯ ಟೈರು ಅದೇ ಜಾಗದ ಮೇಲೆ ಹಾಕುವ ಭಾರ ಸುಮಾರು 140 ಗ್ರಾಂ. ಮನುಷ್ಯನ ಕಾಲು ಹೂತುಹೋಗುವ ಕೆಸರಿನ ಮೇಲೆ ಈ ಗಾಡಿ ದಾಟಿಹೋಗುವುದು ಹೀಗೆ. ಕೆನಡಾದ ಜೌಗು ಕಾಡುಗಳಲ್ಲಿಯೂ ಹಿಮದ ಬಯಲುಗಳಲ್ಲಿಯೂ ಬೇಟೆಗಾರರು, ರೈತರು, ತಂತಿ ಕಂಬ ನೋಡಿಕೊಳ್ಳುವವರು ಇದನ್ನು ಮೆಚ್ಚಿದ್ದು ಈ ಗುಣಕ್ಕಾಗಿಯೇ.

ಹಾಗಾದರೆ ಚಕ್ರ ತಿರುಗದೆ ಗಾಡಿ ತಿರುಗುವುದು ಹೇಗೆ? ಇದನ್ನು ನಿಮಗಿಂತ ಚೆನ್ನಾಗಿ ತಿಳಿಯಬಲ್ಲವರು ಯಾರೂ ಇಲ್ಲ. ಎಡದ ಎತ್ತನ್ನು ಹಿಡಿದು ಬಲದ ಎತ್ತನ್ನು ಹೊಡೆದರೆ ಗಾಡಿ ಯಾವ ಕಡೆಗೆ ಹೊರಳುತ್ತದೆ? ಎಡಕ್ಕೆ ತಾನೆ? ಇಲ್ಲಿಯೂ ಹಾಗೆಯೇ. ಓಡಿಸುವವನ ಮುಂದೆ ಎರಡು ಹಿಡಿಗಳಿವೆ. ಎಡದ ಹಿಡಿ ಎಳೆದರೆ ಎಡಗಡೆಯ ಮೂರು ಚಕ್ರಗಳೂ ತಡೆದು ನಿಲ್ಲುತ್ತವೆ. ಬಲಗಡೆಯ ಮೂರು ಓಡುತ್ತಲೇ ಇರುತ್ತವೆ. ಗಾಡಿ ನಿಂತಲ್ಲೇ ಎಡಕ್ಕೆ ಹೊರಳುತ್ತದೆ. ಈ ಕೆಲಸಕ್ಕೆಂದೇ ಒಂದು ಗೇರುಪೆಟ್ಟಿಗೆ ಇದೆ. ಬೋರ್ಗ್ ವಾರ್ನರ್ ಕಂಪನಿಯ ಟಿ-20 ಎಂಬ ಪೆಟ್ಟಿಗೆ ಈ ವರ್ಗದಲ್ಲಿ ಹೆಸರಾದದ್ದು. ಅದರೊಳಗೆ ಬ್ರೇಕಿನ ಪಟ್ಟಿಗಳು ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಪೆಟ್ಟಿಗೆಯಿಂದ ಹೊರಟ ಚೈನುಗಳು ಪ್ರತಿ ಪಕ್ಕದ ಮೂರು ಚಕ್ರಗಳನ್ನೂ ಒಂದಕ್ಕೊಂದು ಜೋಡಿಸುತ್ತವೆ. ಒಂದು ಸಣ್ಣ ತೊಂದರೆ ಮಾತ್ರ ಉಂಟು: ಹೊರಳುವಾಗ ಟೈರುಗಳು ನೆಲವನ್ನು ಉಜ್ಜುತ್ತವೆ. ಬಿತ್ತಿದ ಹೊಲದಲ್ಲಿ ಹಾಗೆ ಹೊರಳಿಸಿದರೆ ಪೈರು ಕಿತ್ತುಬರುತ್ತದೆ.

ನೀರಿಗಿಳಿದಾಗ ತೊಟ್ಟಿ ದೋಣಿಯಾಗುತ್ತದೆ, ಟೈರಿನ ಮೇಲಿನ ಗೀರುಗಳೇ ಹುಟ್ಟುಗಳಾಗುತ್ತವೆ. ಆದರೆ ವೇಗ ಬಹಳ ಕಡಿಮೆ. ನೆಲದ ಮೇಲೆ ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರ್ ಓಡುವ ಗಾಡಿ ನೀರಿನಲ್ಲಿ ನಾಲ್ಕೈದು ಕಿಲೋಮೀಟರ್ ಹೋದರೆ ಹೆಚ್ಚು. ದಡದಲ್ಲಿ ನಡೆದು ಬರುವವನು ಅದರ ಜೊತೆಗೇ ಬರಬಹುದು. ಈ ನಾಲ್ಕೈದು ಎಂಬ ಅಂಕಿಯನ್ನು ನೆನಪಿನಲ್ಲಿಡಿ. ಮುಂದೆ ಅದರಿಂದ ಕೆಲಸವಿದೆ.

ಈಗ ಸ್ವಲ್ಪ ಚರಿತ್ರೆ. 1960ರ ದಶಕದ ಮೊದಲಲ್ಲಿ ಕೆನಡಾದಲ್ಲಿ ಜೈಗರ್ ಎಂಬ ಆರು ಚಕ್ರದ ಗಾಡಿ ಹೊರಟಿತು. ಅದರ ಹಿಂದೆಯೇ ಅಮೆರಿಕದಲ್ಲಿ ಆಂಫಿಕ್ಯಾಟ್, ಅಟೆಕ್ಸ್, ಮ್ಯಾಕ್ಸ್ ಮೊದಲಾದ ಹೆಸರಿನ ಗಾಡಿಗಳು ಬಂದವು. ಕೆನಡಾದ ಒಂಟಾರಿಯೊ ಪ್ರಾಂತ್ಯದ ನ್ಯೂ ಹ್ಯಾಂಬರ್ಗ್ ಊರಿನಲ್ಲಿ 1967ರಲ್ಲಿ ಆರ್ಗೊ ಗಾಡಿ ಹುಟ್ಟಿತು. 1968ರಲ್ಲಿ ಅಮೆರಿಕದ ಬನಾನಾ ಸ್ಪ್ಲಿಟ್ಸ್ ಎಂಬ ಮಕ್ಕಳ ಟೆಲಿವಿಷನ್ ಕಾರ್ಯಕ್ರಮದಲ್ಲಿ ಆಂಫಿಕ್ಯಾಟಿಗೆ ವೇಷ ಹಾಕಿ ಓಡಿಸಿದಾಗ ಮಕ್ಕಳೆಲ್ಲ ಅದನ್ನು ಕಂಡು ಹಿಗ್ಗಿದರು. ಆದರೆ ಈ ಹಿಗ್ಗು ಬಹಳ ಕಾಲ ಉಳಿಯಲಿಲ್ಲ. 1970ರಲ್ಲಿ ಹೋಂಡಾ ಕಂಪನಿ ದಪ್ಪ ಟೈರಿನ ಮೂರು ಚಕ್ರದ ಬೈಕನ್ನು ಮಾರತೊಡಗಿತು. 1980ರ ದಶಕದಲ್ಲಿ ನಾಲ್ಕು ಚಕ್ರದ ಬೈಕುಗಳು ಬಂದವು. ಅವು ತೇಲಲಾರವು, ಆದರೆ ಬೇಗ ಓಡುತ್ತವೆ. ಜನ ಅತ್ತ ಹೊರಳಿದರು. ಆರು ಚಕ್ರದ ಗಾಡಿ ಮಾಡುತ್ತಿದ್ದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಆರ್ಗೊದಂಥವು ಕೆಲವೇ ಉಳಿದುಕೊಂಡವು.

ಹೀಗಾಗಿ ಹಳೆಯ ಗಾಡಿ ಇಟ್ಟುಕೊಂಡವರ ಪಾಡೇನು? ಗಾಡಿ ಗಟ್ಟಿಯಾಗಿದೆ, ಮಾಡಿದವನು ಇಲ್ಲ. ಎಂಜಿನ್ನಿನ ಬಿಡಿಭಾಗ ಕೇಳಿದರೆ ಅಂಗಡಿಯವನಿಗೆ ಹೆಸರೇ ಗೊತ್ತಿಲ್ಲ. ತಾಯಿಯಿಲ್ಲದ ಕರುವನ್ನು ಸಾಕುವುದೆಂದರೆ ಏನೆಂದು ನೀವು ಬಲ್ಲಿರಿ; ಇದೂ ಹಾಗೆಯೇ. ಇದ್ದುದನ್ನು ಹೊಂದಿಸಿಕೊಂಡು, ಒಂದರದು ಒಂದಕ್ಕೆ ಹಾಕಿಕೊಂಡು ನಡೆಸಬೇಕು. ಆದಕಾರಣ ಈ ಗಾಡಿಯ ಒಡೆಯರೆಲ್ಲ ಸ್ವಲ್ಪ ಮೇಸ್ತ್ರಿಗಳೇ ಆಗಿಬಿಟ್ಟರು. ಹಳೆಯ ಎಂಜಿನ್ನು ತೆಗೆದು ಹೊಸದು ಕೂರಿಸಿದರು. ಬಿಸಿಲು ಮಳೆಗೆ ಚಾವಣಿ ಹಾಕಿದರು. ಕೆಸರಿನಿಂದ ಎಳೆದುಕೊಳ್ಳಲು ಮುಂದೆ ವಿಂಚು ಕಟ್ಟಿದರು. ನೀರಿನಲ್ಲಿ ಬೇಗ ಹೋಗಲು ಹಿಂದೆ ದೋಣಿಯ ಮೋಟಾರು ತೂಗುಹಾಕಿದರು. ಆರು ಚಕ್ರಗಳ ಮೇಲೆ ರಬ್ಬರಿನ ಪಟ್ಟಾ ಸುತ್ತಿದರು.

ಇದೆಲ್ಲ ಜಾಣತನವೇ. ಆದರೆ ಒಂದು ಮಾತಿದೆ. ನೆಲದ ಗಾಡಿಗೆ ಏನನ್ನು ಸೇರಿಸಿದರೂ, ತಪ್ಪಾದರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ. ನೀವು ಇಳಿದು ಮನೆಗೆ ನಡೆದುಬರುತ್ತೀರಿ. ತೇಲುವ ಗಾಡಿಯಲ್ಲಿ ತಪ್ಪಾದರೆ ಕೆರೆಯ ನಡುವೆ ತಪ್ಪಾಗುತ್ತದೆ. ಅಲ್ಲಿ ಇಳಿದು ನಡೆಯುವ ಹಾಗಿಲ್ಲ. ಆದ್ದರಿಂದ ಇಂಥ ಗಾಡಿಗೆ ಒಂದು ಬೋಲ್ಟು ಹಾಕುವ ಮೊದಲು ಮೂರು ಮಾತು ಕೇಳಿಕೊಳ್ಳಬೇಕು. ಯಾವ ಮೂರು? ತೂಕ, ಎತ್ತರ, ತೂತು. ಬರೆದಿಟ್ಟುಕೊಳ್ಳುವವರು ಬರೆದಿಟ್ಟುಕೊಳ್ಳಿ: ತೂಕ, ಎತ್ತರ, ತೂತು.

ಮೊದಲು ತೂಕ. ತೇಲುವ ವಸ್ತು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ಈಗ ತೊಟ್ಟಿಯ ಉದ್ದ ಎರಡು ಮೀಟರ್, ಅಗಲ ಒಂದು ಮೀಟರ್ 20 ಸೆಂಟಿಮೀಟರ್ ಎಂದು ಹಿಡಿಯೋಣ. ಅದು ಒಂದು ಸೆಂಟಿಮೀಟರ್ ಕೆಳಗಿಳಿದರೆ 24 ಲೀಟರ್ ನೀರು ಪಕ್ಕಕ್ಕೆ ಹೋಯಿತು. ಟೈರುಗಳ ಲೆಕ್ಕ ಬಿಟ್ಟರೆ, ಪ್ರತಿ 24 ಕಿಲೋಗೆ ಗಾಡಿ ಒಂದು ಸೆಂಟಿಮೀಟರ್ ಮುಳುಗುತ್ತದೆ ಎಂದಾಯಿತು. ಹೊಸ ಎಂಜಿನ್ನು ಹಳೆಯದಕ್ಕಿಂತ 20 ಕಿಲೋ ಹೆಚ್ಚು, ಚಾವಣಿಯ ಕಬ್ಬಿಣ 30 ಕಿಲೋ, ವಿಂಚು 15, ದೋಣಿಯ ಮೋಟಾರು 20, ದೊಡ್ಡ ಬ್ಯಾಟರಿ 12 ಎಂದಿಟ್ಟುಕೊಳ್ಳಿ. ಎಷ್ಟಾಯಿತು? 97 ಕಿಲೋ. ಗಾಡಿ ನಾಲ್ಕು ಸೆಂಟಿಮೀಟರ್ ಆಗಲೇ ಕುಳಿತಿತು. ನೀವು ಹತ್ತುವ ಮೊದಲೇ ಕಣ್ಣಿಗೆ ಕಾಣದ ಒಂದೂವರೆ ಆಳು ಹತ್ತಿ ಕೂತಂತಾಯಿತು! ಆಮೇಲೆ ಹೊರಗಿನಿಂದ ನೋಡಿದವರು "ಇಬ್ಬರೇ ತಾನೇ ಇದ್ದದ್ದು, ಮುಳುಗಿದ್ದು ಹೇಗೆ?" ಎನ್ನುತ್ತಾರೆ.

ಗಾಡಿ ಮಾಡಿದವರು ನೆಲದ ಮೇಲೆ ಇಷ್ಟು ಭಾರ, ನೀರಿನಲ್ಲಿ ಇಷ್ಟು ಭಾರ ಎಂದು ಎರಡು ಅಂಕಿ ಕೊಡುತ್ತಾರೆ. ನೀರಿನ ಅಂಕಿ ಯಾವಾಗಲೂ ಚಿಕ್ಕದು. ನೀವು ಸೇರಿಸಿದ ಪ್ರತಿಯೊಂದು ಸಾಮಾನನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಆ ಅಂಕಿಯಿಂದ ಕಳೆಯಿರಿ. ಉಳಿದದ್ದೇ ನಿಮ್ಮ ಪಾಲು. ಭಾರ ಎಲ್ಲಿ ಕೂತಿದೆ ಎಂಬುದನ್ನೂ ನೋಡಬೇಕು. ಹಿಂದಿನ ಅಂಚಿಗೆ ಮೋಟಾರು ತೂಗುಹಾಕಿದರೆ ಹಿಂಭಾಗ ಕುಗ್ಗುತ್ತದೆ, ಮೂಗು ಮೇಲೇಳುತ್ತದೆ. ಹಿಂದಿನಿಂದ ಒಂದು ಅಲೆ ಬಂದರೆ ಸಾಕು, ನೀರು ಒಳಗೆ. ರಬ್ಬರಿನ ಪಟ್ಟಾ ಹಾಕಿದರೂ ಅಷ್ಟೇ: ಕೆಸರಿನಲ್ಲಿ ಗಾಡಿ ಹೂಳುವುದಿಲ್ಲ ನಿಜ, ಆದರೆ ತೂಕ ಏರುತ್ತದೆ, ಚೈನಿಗೂ ಬೇರಿಂಗಿಗೂ ಎಳೆತ ಹೆಚ್ಚುತ್ತದೆ.

ಇನ್ನು ಟೈರು. 22 ಅಂಗುಲ ಎತ್ತರ, 11 ಅಂಗುಲ ದಪ್ಪದ ಟೈರಿನ ಗಾತ್ರ ಸುಮಾರು 60 ಲೀಟರ್. ಅರ್ಧ ಮುಳುಗಿದರೆ 30 ಲೀಟರ್ ನೀರನ್ನು ತಳ್ಳುತ್ತದೆ. ಎಂದ ಮೇಲೆ ಟೈರು ಚಕ್ರವೂ ಹೌದು, ತೇಲುಬುರುಡೆಯೂ ಹೌದು. ನೀರಿನ ನಡುವೆ ಒಂದು ಟೈರಿನ ಗಾಳಿ ಹೋದರೆ ಆ ಮೂಲೆ ಕುಸಿಯುತ್ತದೆ. ಸವೆದ ಟೈರಿನಲ್ಲಿ ನೀರಿಗಿಳಿಯಬೇಡಿ.

ಎರಡನೆಯದು ಎತ್ತರ. ತಾಯಂದಿರೇ, ಇದನ್ನು ನೀವು ಮನೆಯಲ್ಲೇ ಮಾಡಿ ಮಕ್ಕಳಿಗೆ ತೋರಿಸಬಹುದು. ನೀರಿನ ತೊಟ್ಟಿಯಲ್ಲಿ ಒಂದು ಬೋಗುಣಿ ತೇಲಿಬಿಡಿ. ಅದರ ತಳದಲ್ಲಿ ಒಂದು ಕಲ್ಲಿಡಿ. ಬೋಗುಣಿ ಕೆಳಗಿಳಿಯುತ್ತದೆ, ಆದರೆ ಅಲ್ಲಾಡದೆ ನಿಲ್ಲುತ್ತದೆ. ಈಗ ಅದೇ ಬೋಗುಣಿಯಲ್ಲಿ ಒಂದು ಉದ್ದ ಲೋಟವನ್ನು ಬೋರಲು ಹಾಕಿ, ಅದೇ ಕಲ್ಲನ್ನು ಲೋಟದ ಮೇಲಿಡಿ. ಮೆಲ್ಲಗೆ ಬೆರಳಲ್ಲಿ ತಟ್ಟಿ. ಏನಾಯಿತು? ಬೋಗುಣಿ ವಾಲಿತು, ಕಲ್ಲು ಬಿತ್ತು. ತೂಕ ಹೆಚ್ಚಲಿಲ್ಲ, ಎತ್ತರ ಮಾತ್ರ ಹೆಚ್ಚಿತು. ಹರಿಗೋಲಿನವನು "ಕೂತ್ಕೊಳ್ರಪ್ಪಾ, ಎದ್ದು ನಿಲ್ಬೇಡಿ" ಎಂದು ಕೂಗುವುದು ಇದಕ್ಕೇ. ಗಾಡಿಯ ಮೇಲೆ ಕಬ್ಬಿಣದ ಚಾವಣಿ, ಚಾವಣಿಯ ಮೇಲೆ ಸಾಮಾನು, ಎತ್ತರದ ಪೀಠ ಎಲ್ಲವೂ ಲೋಟದ ಮೇಲಿನ ಕಲ್ಲೇ. ನೆಲದ ಮೇಲೂ ಇದೇ ನಿಯಮ. ಬಲುಬೇಗ ಹರಡಿದ ಆ ಮೂರು ಚಕ್ರದ ಬೈಕುಗಳು ಮಗುಚಿ ಅನೇಕ ಮಕ್ಕಳಿಗೆ ಪೆಟ್ಟಾಯಿತು. 1988ರಲ್ಲಿ ಅಮೆರಿಕದಲ್ಲಿ ಕಂಪನಿಗಳು ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಅವುಗಳ ಮಾರಾಟ ನಿಲ್ಲಿಸಬೇಕಾಯಿತು. ಚಾವಣಿ ಬೇಕೇ ಬೇಕೆಂದರೆ ಹಗುರವಾದ ಕ್ಯಾನ್‌ವಾಸ್ ಬಟ್ಟೆಯದು ಹಾಕಿ. ಭಾರವಾದ ಬ್ಯಾಟರಿ, ಡಬ್ಬ, ಸರಪಳಿಗಳನ್ನು ತಳದಲ್ಲೇ ಕಟ್ಟಿ.

ಮೂರನೆಯದು ತೂತು. ದೋಣಿಗೆ ತೂತಿರಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಈ ದೋಣಿಗೆ ಹುಟ್ಟಿನಿಂದಲೇ ಆರು ತೂತು! ಪ್ರತಿ ಚಕ್ರದ ಇರಚಿ ತೊಟ್ಟಿಯ ಗೋಡೆಯ ಮೂಲಕವೇ ಹೊರಬರಬೇಕಲ್ಲ? ಅಲ್ಲಿ ಬೇರಿಂಗೂ ರಬ್ಬರಿನ ಸೀಲೂ ಇರುತ್ತವೆ. ಗ್ರೀಸು ತುಂಬಿದ್ದರೆ ನೀರು ತಡೆಯುತ್ತದೆ. ಗ್ರೀಸು ಒಣಗಿದರೆ ನೀರು ನುಗ್ಗುತ್ತದೆ. ಇದರ ಮೇಲೆ ನೀವು ವಿಂಚಿನ ಬೋಲ್ಟಿಗೆ ನಾಲ್ಕು ತೂತು, ತಂತಿಗೆ ಒಂದು, ಪೀಠಕ್ಕೆ ನಾಲ್ಕು ಕೊರೆದರೆ ಹೇಗೆ? ಒಂದು ಸೆಂಟಿಮೀಟರ್ ಅಗಲದ ತೂತು ನೀರಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿದ್ದರೆ ನಿಮಿಷಕ್ಕೆ ಸುಮಾರು ಐದು ಲೀಟರ್ ನೀರು ಒಳಗೆ ಬರುತ್ತದೆ. ಹತ್ತು ನಿಮಿಷದಲ್ಲಿ ಐವತ್ತು ಲೀಟರ್, ಐವತ್ತು ಕಿಲೋ. ಆ ನೀರು ಸುಮ್ಮನೆ ಕೂರುವುದೂ ಇಲ್ಲ. ಗಾಡಿ ಎತ್ತ ವಾಲಿತೋ ಅತ್ತಲೇ ಓಡಿ, ಇನ್ನಷ್ಟು ವಾಲಿಸುತ್ತದೆ. ಬೋಗುಣಿಗೆ ಒಂದು ಲೋಟ ನೀರು ಹೊಯ್ದು ನೋಡಿ, ತಿಳಿಯುತ್ತದೆ.

ಆದ್ದರಿಂದ ತೂತು ಕೊರೆಯಲೇಬೇಕಾದರೆ ನೀರಿನ ಮಟ್ಟಕ್ಕಿಂತ ಮೇಲೆ ಕೊರೆಯಿರಿ, ರಬ್ಬರಿನ ವಾಷರು ಹಾಕಿ ಬಿಗಿಯಿರಿ. ತೊಟ್ಟಿ ಸೀಳಿದ್ದರೆ ಸೀಳಿನ ಎರಡು ತುದಿಗೂ ಒಂದೊಂದು ಸಣ್ಣ ದುಂಡು ತೂತು ಹಾಕಿದರೆ ಸೀಳು ಮುಂದೆ ಓಡುವುದಿಲ್ಲ. ಆಮೇಲೆ ಸೀಳನ್ನೂ ತೂತನ್ನೂ ಪೂರಾ ಮುಚ್ಚಬೇಕು. ಮುಚ್ಚುವ ಮೊದಲು ಪ್ಲಾಸ್ಟಿಕ್ಕಿನ ಜಾತಿ ತಿಳಿಯಬೇಕು. ಆಂಫಿಕ್ಯಾಟಿನ ತೊಟ್ಟಿ ಎಬಿಎಸ್ ಎಂಬ ಜಾತಿಯದು. ಅದಕ್ಕೆ ಅಂಟು ಹಿಡಿಯುತ್ತದೆ. ಪಾಲಿಥೀನ್ ಜಾತಿಯ ತೊಟ್ಟಿಗೆ ಯಾವ ಅಂಟೂ ನೆಟ್ಟಗೆ ಹಿಡಿಯುವುದಿಲ್ಲ, ಬಿಸಿ ಕೊಟ್ಟು ಬೆಸೆಯಬೇಕು. ಕೆಲವರು ತೊಟ್ಟಿಯ ಸಂದುಗಳಲ್ಲಿ, ನೀರು ತುಂಬಿದರೂ ಮುಳುಗದಿರಲೆಂದು, ಹಗುರವಾದ ನೊರೆಹಲಗೆಯನ್ನು ತುಂಬುತ್ತಾರೆ. ಬಹಳ ಒಳ್ಳೆಯ ಮಾರ್ಪಾಟು. ಆದರೆ ನಾವು ಥರ್ಮೊಕೋಲ್ ಎನ್ನುವ ಬಿಳಿಯ ಹಲಗೆ ಮಾತ್ರ ಬೇಡ. ಪೆಟ್ರೋಲ್ ತಗುಲಿದರೆ ಅದು ಕರಗಿಹೋಗುತ್ತದೆ. ನೀರನ್ನೂ ಹೀರದ, ಪೆಟ್ರೋಲಿಗೂ ಕರಗದ ಜಾತಿಯದನ್ನೇ ಆರಿಸಬೇಕು.

ಈಗ ಎಂಜಿನ್ನಿನ ಮಾತು. ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಇದ್ದದ್ದು ಟೂ-ಸ್ಟ್ರೋಕ್ ಎಂಜಿನ್ನು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವಂಥದು. ಹಗುರ, ಆದರೆ ಗದ್ದಲ, ಹೊಗೆ, ಪೆಟ್ರೋಲಿನ ಖರ್ಚು. ಬಿಡಿಭಾಗ ಸಿಗದಾದಾಗ ಒಡೆಯರು ಬ್ರಿಗ್ಸ್, ಕೋಲರ್, ಹೋಂಡಾ ಮುಂತಾದ ಫೋರ್-ಸ್ಟ್ರೋಕ್ ಎಂಜಿನ್ನುಗಳನ್ನು ಕೂರಿಸಿದರು. ಇವು ಎಲ್ಲೆಡೆ ಸಿಗುತ್ತವೆ. ಆದರೆ ಕೊಳ್ಳುವ ಮೊದಲು ನಾಲ್ಕು ಸಂಗತಿ ಅಳೆಯಬೇಕು. ಷಾಫ್ಟು ಯಾವ ಕಡೆಗೆ ಸುತ್ತುತ್ತದೆ? ಹಳೆಯದು ಬಲಕ್ಕೆ ಸುತ್ತಿ ಹೊಸದು ಎಡಕ್ಕೆ ಸುತ್ತಿದರೆ ಗಾಡಿ ಹಿಂದುಹಿಂದಕ್ಕೆ ನಡೆದೀತು! ಷಾಫ್ಟಿನ ದಪ್ಪ ಎಷ್ಟು, ಬೆಲ್ಟಿನ ಪುಲ್ಲಿ ಅದಕ್ಕೆ ಕೂರುತ್ತದೆಯೇ? ಎರಡು ಪುಲ್ಲಿಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆಯೇ? ಸಾಲು ತಪ್ಪಿದರೆ ಬೆಲ್ಟು ಸವೆದು ತುಂಡಾಗುತ್ತದೆ, ಅದೂ ಸಾಮಾನ್ಯವಾಗಿ ದೂರದ ಕೆಸರಿನಲ್ಲೇ. ನಾಲ್ಕನೆಯದು ಬಿಸಿ. ಹೊಗೆಕೊಳವೆ ಪ್ಲಾಸ್ಟಿಕ್ಕಿಗೆ ತಗುಲಬಾರದು; ಎಂಜಿನ್ನಿನ ಸುತ್ತ ಗಾಳಿ ಆಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ತೊಟ್ಟಿಯ ತಳದಲ್ಲಿ ಕೂತಿರುತ್ತದೆ. ಬೆಳಿಗ್ಗೆ ಎಂಜಿನ್ನು ಹೊಡೆಯುವ ಮೊದಲು ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ. ಬೀಡಿ ಹಚ್ಚಿಕೊಂಡು ಒಳಗೆ ಬಗ್ಗಿ ನೋಡಬೇಡಿ.

"ಸ್ವಾಮಿ, ಎಂಜಿನ್ನು ದೊಡ್ಡದಾದರೆ ನೀರಿನಲ್ಲಿ ಬೇಗ ಹೋಗುವುದಿಲ್ಲವೇ?" ಎಂದು ಯಾರಾದರೂ ಕೇಳಿಯಾರು. ಇಲ್ಲ. ಟೈರು ಜೋರಾಗಿ ಸುತ್ತಿದರೆ ನೀರು ಜೋರಾಗಿ ಸಿಡಿಯುತ್ತದೆ, ಅಷ್ಟೇ. ದೊಡ್ಡ ಎಂಜಿನ್ನು ಕೊಡುವುದು ಹೆಚ್ಚು ತೂಕವನ್ನು, ಚೈನಿಗೆ ಹೆಚ್ಚು ಎಳೆತವನ್ನು. ಸೈಕಲ್ಲಿನ ಚೈನು ಸಡಿಲವಾದರೆ ಹಲ್ಲಿನ ಮೇಲೆ ಹಾರುವುದನ್ನು ನೀವು ಕಂಡಿದ್ದೀರಿ. ಇಲ್ಲಿ ಒಂದು ಚೈನು ಕಡಿದರೆ ಆ ಪಕ್ಕದ ಚಕ್ರಗಳಿಗೆ ಶಕ್ತಿ ಹೋಗದೆ ಗಾಡಿ ಒಂದೇ ಕಡೆಗೆ ಸುತ್ತುತ್ತ ನಿಲ್ಲುವುದೂ ಉಂಟು. ಚೈನಿಗೆ ಎಣ್ಣೆ ಕೊಡುವುದು, ಸಡಿಲವನ್ನು ಬಿಗಿಯುವುದು, ಸವೆದದ್ದನ್ನು ಬದಲಿಸುವುದು, ಈ ಮೂರು ಕೆಲಸ ದೊಡ್ಡ ಎಂಜಿನ್ನಿಗಿಂತ ಹೆಚ್ಚಿನ ಫಲ ಕೊಡುತ್ತವೆ.

ಮಾರ್ಪಾಟು ಮುಗಿಯಿತು ಎನ್ನಿ. ನೇರವಾಗಿ ಕೆರೆಯ ನಡುವಿಗೆ ಹೋಗಬೇಡಿ. ಸೊಂಟದುದ್ದದ ನಿಂತ ನೀರು ನೋಡಿಕೊಳ್ಳಿ. ಗಾಡಿಗೆ ಹಗ್ಗ ಕಟ್ಟಿ ಹಗ್ಗದ ತುದಿಯನ್ನು ದಡದಲ್ಲಿ ಇಬ್ಬರ ಕೈಗೆ ಕೊಡಿ. ತಳದ ಬಿರಡೆ ಹಾಕಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ನೆನಪಿನ ಮೇಲೆ ನಂಬಬೇಡಿ. ಮೊದಲು ಖಾಲಿ ಗಾಡಿಯನ್ನು ತೇಲಿಸಿ, ನೀರು ನಿಂತ ಮಟ್ಟದಲ್ಲಿ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗೆರೆ ಒಂದು ಕಡೆ ಓರೆಯಾಗಿದ್ದರೆ ಸಾಮಾನು ಸರಿಸಿ. ಬಳಿಕ ಆಳಿಗೆ ಬದಲಾಗಿ ಮರಳಿನ ಚೀಲಗಳನ್ನು ತೂಗಿ ಹಾಕಿ, ಮತ್ತೆ ಗೆರೆ ಎಳೆಯಿರಿ. ಅರ್ಧ ಗಂಟೆ ಹಾಗೇ ಬಿಟ್ಟು ಒಳಗೆ ಎಷ್ಟು ನೀರು ಬಂದಿದೆ ನೋಡಿ. ಅದು ಮುಗಿದ ಮೇಲೆ ಮನುಷ್ಯರು ಹತ್ತಬಹುದು. ಹತ್ತುವ ಪ್ರತಿಯೊಬ್ಬರಿಗೂ ತೇಲುವ ಜಾಕೆಟ್ಟು ಬೇಕು. ಈಜು ಬಲ್ಲವರಿಗೂ ಬೇಕು. ನೀರು ಎತ್ತಿಹಾಕಲು ಬ್ಯಾಟರಿಯ ಪಂಪು ಇದ್ದರೆ ಸರಿ, ಜೊತೆಗೆ ಒಂದು ಬಕೆಟ್ಟೂ ಇರಲಿ. ಬ್ಯಾಟರಿ ಕೈಕೊಟ್ಟರೂ ಬಕೆಟ್ಟು ಕೈಕೊಡುವುದಿಲ್ಲ.

ಮೊದಲು ನೆನಪಿಡಿ ಎಂದ ಅಂಕಿ ನೆನಪಿದೆಯೇ? ಗಂಟೆಗೆ ನಾಲ್ಕೈದು ಕಿಲೋಮೀಟರ್. ಈ ಗಾಡಿ ನಿಂತ ನೀರಿಗೆ, ಜೌಗಿಗೆ, ಕೊಳಕ್ಕೆ ಮಾಡಿದ್ದು. ನಮ್ಮ ಕೃಷ್ಣೆ, ಭೀಮೆ, ತುಂಗಭದ್ರೆಯರು ಮಳೆಗಾಲದಲ್ಲಿ ತುಂಬಿ ಹರಿಯುವಾಗ ನೀರು ಅದಕ್ಕಿಂತ ಎಷ್ಟೋ ಬೇಗ ಓಡುತ್ತದೆ. ಗಂಟೆಗೆ ಎಂಟು ಕಿಲೋಮೀಟರ್ ಹರಿಯುವ ನೀರಿನಲ್ಲಿ ನಾಲ್ಕು ಕಿಲೋಮೀಟರ್ ಹೋಗುವ ಗಾಡಿ ಎತ್ತ ಮೂತಿ ತಿರುಗಿಸಿದರೂ ನದಿ ಎಳೆದತ್ತಲೇ ಹೋಗುತ್ತದೆ. ಮರದ ದಿಮ್ಮಿ, ಮುಳ್ಳುಕಂಟಿ, ಸುಳಿ ಬೇರೆ. ತೇಲುವ ಗಾಡಿ ಇದೆ ಎಂಬ ಧೈರ್ಯದಿಂದ ಪ್ರವಾಹಕ್ಕೆ ಇಳಿಯುವುದು, ಈಜು ಬರುತ್ತದೆಂದು ಬಾವಿಗೆ ಕಣ್ಣುಮುಚ್ಚಿ ಹಾರಿದಂತೆ. ಸೇನೆಯವರು ಇಂಥ ಕೆಲಸಕ್ಕೆ ಇಳಿಯುವಾಗ ತರಬೇತಿ, ಹಗ್ಗ, ಜೊತೆಗೆ ದೋಣಿ ಎಲ್ಲ ಇರುತ್ತದೆ. ಹೊಳೆ ಏರಿದಾಗ ಜನರನ್ನು ಹೊರತರುವ ಕೆಲಸವನ್ನು ಅವರಿಗೆ ಬಿಡಿ. ತಹಶೀಲ್ದಾರರ ಕಚೇರಿಗೆ ಬೇಗ ಸುದ್ದಿ ಮುಟ್ಟಿಸುವುದು ನಿಮ್ಮ ಕೆಲಸ.

ಕಾನೂನಿನ ಮಾತೂ ಒಂದಿದೆ. ಈ ಆರು ಚಕ್ರದ ಗಾಡಿಗಳನ್ನು ರಸ್ತೆಗೆಂದು ಮಾಡಿದ್ದಲ್ಲ. ನಮ್ಮಲ್ಲಿ ನೋಂದಣಿಯಾದ ಯಾವ ಮೋಟಾರು ಗಾಡಿಯನ್ನೇ ಆಗಲಿ, ಮಾಡಿದವರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಮನಸ್ಸಿಗೆ ಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. ಟ್ರಾಕ್ಟರಿಗೋ ಟ್ರೇಲರಿಗೋ ಕೈ ಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ.

ಕಡೆಯದಾಗಿ ಒಂದು ಗೃಹಸ್ಥರ ಮಾತು. ಯಾವ ಯಂತ್ರವನ್ನೇ ಕೊಳ್ಳಿ, "ಇದನ್ನು ಮಾಡಿದವನು ನಾಳೆ ಇಲ್ಲವಾದರೆ ನಾನು ಇದನ್ನು ರಿಪೇರಿ ಮಾಡಿಕೊಳ್ಳಬಲ್ಲೆನೇ?" ಎಂದು ಕೇಳಿಕೊಳ್ಳಿ. ಆರು ಚಕ್ರದ ಈ ಗಾಡಿಗಳು ಅರ್ಧ ಶತಮಾನ ದಾಟಿಯೂ ಅಲ್ಲಲ್ಲಿ ಓಡುತ್ತಿರುವುದಕ್ಕೆ ಕಾರಣ, ಅವುಗಳ ಚೈನು, ಬೇರಿಂಗು, ಬೆಲ್ಟು ಎಲ್ಲವೂ ಸಾಧಾರಣ ವರ್ಕ್‌ಷಾಪಿನವನ ಕೈಗೆ ಎಟುಕುವಂಥವು. ಬಿಚ್ಚಲಾಗದ ಹೊಳಪಿನ ಯಂತ್ರಕ್ಕಿಂತ ಬಿಚ್ಚಿ ಜೋಡಿಸಬಹುದಾದ ಮಂಕು ಯಂತ್ರ ರೈತನ ಮನೆಗೆ ಲೇಸು.

ನಿಮ್ಮ ಊರಿನ ಆ ಸ್ಪ್ಯಾನರಿನ ಹುಡುಗನನ್ನು ಬಯ್ಯಬೇಡಿ. ಅವನ ಕೈಯಲ್ಲಿ ವಿದ್ಯೆಯಿದೆ. ಆದರೆ ಅವನು ನೀರಿಗಿಳಿಸುವ ಯಾವುದಕ್ಕಾದರೂ ಬೋಲ್ಟು ಬಿಗಿಯುವುದನ್ನು ಕಂಡರೆ ಪಕ್ಕಕ್ಕೆ ಕರೆದು ಮೂರು ಮಾತು ಕೇಳಿ: "ಏನಪ್ಪಾ, ತೂಕ ನೋಡಿದೆಯಾ? ಎತ್ತರ ನೋಡಿದೆಯಾ? ತೂತು ನೋಡಿದೆಯಾ?" ಮೂರಕ್ಕೂ ಅವನು ಲೆಕ್ಕ ಸಮೇತ ಉತ್ತರ ಕೊಟ್ಟರೆ, ದಡದಲ್ಲಿ ಹಗ್ಗ ಹಿಡಿಯಲು ನೀವೂ ಹೋಗಿ.